ಡಬ್ಲ್ಯೂ ಎಲ್ಲಿ ಕೂತಿದ್ದಾನೆ?

ಮೊನ್ನೆ ರಾತ್ರಿ ಅಕ್ಕನ ಮಗಳು ಪುಸ್ತಕ ಹಿಡಿದುಕೊಂಡು ಬಂದು, "ಮಾಮ, ಇದೊಂದು ಆಗ್ತಾನೇ ಇಲ್ಲ, ನೋಡಿ" ಎಂದಳು. ಯಾವುದೋ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ದುಂಡು ಮೇಜು, ಪಿಯಿಂದ ಡಬ್ಲ್ಯೂವರೆಗೆ ಹೆಸರಿನ ಎಂಟು ಜನ, ಹತ್ತು ಸುಳಿವು. ಯಾರು ಎಲ್ಲಿ ಕೂತಿದ್ದಾರೆ ಅಂತ ಹೇಳಬೇಕು. ಇಂಥದ್ದನ್ನು ಕಂಡರೆ ನನಗೆ ಮೊದಲಿನಿಂದಲೂ ಚಪಲ. "ಹತ್ತು ನಿಮಿಷ ಕೊಡು" ಎಂದೆ.

ನಲವತ್ತು ನಿಮಿಷ ಹೋಯಿತು. ಮೂರು ಹಾಳೆ ಹಾಳಾದವು. ಆರ್ ಮತ್ತು ಯು ಒಂದೇ ಕುರ್ಚಿಗೆ ಬಂದು ಕೂತರು, ವಿ ನಿಂತೇ ಇದ್ದ. ಅಳಿಸಿ ಅಳಿಸಿ ಹಾಳೆ ತೂತಾದ ಮೇಲೆ ಅವಳು ಮೆಲ್ಲಗೆ ಮೊದಲ ಸಾಲಿನ ಬಾಲದ ಮೇಲೆ ಬೆರಳಿಟ್ಟಳು. 'ಇವರಲ್ಲಿ ಕೆಲವರು ಕೇಂದ್ರದ ಕಡೆಗೆ, ಕೆಲವರು ಹೊರಗಿನ ಕಡೆಗೆ ಮುಖ ಮಾಡಿ ಕುಳಿತಿದ್ದಾರೆ.'

ಹೊರಗಿನ ಕಡೆಗೆ! ಸ್ವಾಮಿ, ಮೇಜಿಗೆ ಬೆನ್ನು ಹಾಕಿ ಕೂರುವುದಾದರೆ ಮೇಜು ಯಾಕೆ ಬೇಕಿತ್ತು? ನಾನು ಇಷ್ಟು ವರ್ಷದಲ್ಲಿ ಎಷ್ಟೋ ಮೇಜುಗಳ ಮುಂದೆ ಕೂತಿದ್ದೇನೆ. ಸಿಟ್ಟು ಮಾಡಿಕೊಂಡು ಎದ್ದು ಹೋದವರನ್ನು ನೋಡಿದ್ದೇನೆ, ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದವರನ್ನೂ ನೋಡಿದ್ದೇನೆ. ಕುರ್ಚಿ ತಿರುಗಿಸಿಕೊಂಡು ಗೋಡೆ ನೋಡುತ್ತಾ ಸಭೆ ನಡೆಸಿದವರನ್ನು ಮಾತ್ರ ಕಂಡಿಲ್ಲ. ಎಂಟು ಜನ ಸುಮ್ನೆ ಒಳಮುಖವಾಗಿ ಕೂತಿದ್ದರೆ ಕೂರಿಸುವ ಲೆಕ್ಕ 5,040 ಥರಕ್ಕೆ ಮುಗಿಯುತ್ತಿತ್ತು. ಒಬ್ಬೊಬ್ಬರಿಗೂ ಎರಡೆರಡು ಮುಖ ಅಂತಾದರೆ ಅದನ್ನು 256ರಿಂದ ಗುಣಿಸಬೇಕು, 12,90,240. ಪ್ರಶ್ನೆ ಬರೆಯುವವನಿಗೆ ಅರ್ಧ ಸಾಲು. ನಮಗೆ ಹನ್ನೆರಡು ಲಕ್ಷದ ಚಿಲ್ಲರೆ ತಲೆನೋವು.

"ಸುಲಭ ಮಾಮ. ಒಳಗೆ ನೋಡ್ತಿದ್ದರೆ ಎಡಗಡೆ ಅಂದ್ರೆ ಗಡಿಯಾರದ ಮುಳ್ಳು ಹೋಗೋ ಕಡೆ. ಹೊರಗೆ ನೋಡ್ತಿದ್ದರೆ ಉಲ್ಟಾ" ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. ಇಷ್ಟು ಗೊತ್ತಿದ್ದವಳಿಗೆ ನನ್ನ ಹತ್ತಿರ ಬರುವ ಅಗತ್ಯವಾದರೂ ಏನಿತ್ತೋ! ನನಗೆ ಹಾಗೆಲ್ಲ ಮನಸ್ಸಿನಲ್ಲೇ ತಿರುಗಲು ಬರುವುದಿಲ್ಲ. ಎದ್ದು ನಿಂತು, ಪ್ರತಿ ಸುಳಿವಿಗೂ ಮೈಯನ್ನೇ ತಿರುಗಿಸಿ, ಎಡಗೈ ಎತ್ತಿ ನೋಡಬೇಕು. ನಾಲ್ಕು ಸುಳಿವಿಗೆ ತಲೆ ಸುತ್ತಿತು. ಆಮೇಲೆ ಕಡ್ಡಿಪೆಟ್ಟಿಗೆ ತಂದೆ. ಬೆಂಕಿಕಡ್ಡಿ ಒಳ್ಳೆಯ ಉಪಾಯ, ಮದ್ದಿರುವ ತುದಿಯೇ ಮುಖ. ಪೆಟ್ಟಿಗೆಯಲ್ಲಿ ಏಳೇ ಕಡ್ಡಿ ಇದ್ದವು. ಎಂಟನೆಯದಕ್ಕೆ ಒಲೆಯ ಪಕ್ಕ ಬಿದ್ದಿದ್ದ, ಗೀರಿ ಎಸೆದ ಕಡ್ಡಿಯೊಂದನ್ನು ಆರಿಸಿ ತಂದೆ. ಅದರ ತಲೆ ಉದುರಿಹೋಗಿತ್ತು. ಅದು ಡಬ್ಲ್ಯೂ ಆಗಲಿ ಎಂದೆ. ಯಾಕೆಂದರೆ ಹತ್ತು ಸುಳಿವಿನಲ್ಲಿ ಒಂದರಲ್ಲೂ ಡಬ್ಲ್ಯೂ ಹೆಸರಿರಲಿಲ್ಲ.

ಈ ಡಬ್ಲ್ಯೂ ಬಗ್ಗೆ ನನಗೆ ಬಹಳ ದಿನದಿಂದ ಕನಿಕರವಿದೆ. ಆರ್ ಅನ್ನುವವನು ಪಿಯ ಎಡಕ್ಕೆ ಮೂರನೆಯವನು. ಟಿ ಪಕ್ಕದಲ್ಲಿ ಕ್ಯೂ ಕೂರುವುದಿಲ್ಲ, ಏನು ಜಗಳವೋ. ಎಸ್‌ಗೆ ಇಬ್ಬರೂ ಪಕ್ಕದವರು ಒಂದೇ ಕಡೆ ನೋಡುತ್ತಿರಬೇಕಂತೆ. ಎಲ್ಲರಿಗೂ ಒಂದೊಂದು ಬೇಕು, ಒಂದೊಂದು ಬೇಡ. ಡಬ್ಲ್ಯೂಗೆ ಮಾತ್ರ ಏನೂ ಇಲ್ಲ. ಏಳು ಜನ ಕೂತಾದ ಮೇಲೆ ಯಾವ ಕುರ್ಚಿ ಮಿಕ್ಕಿತೋ ಅದೇ ಅವನದು. ಇದು ನನ್ನ ಭ್ರಮೆಯೇನಲ್ಲ. ಐದು ಮನೆ, ಐದು ದೇಶದವರು, ಐದು ಪ್ರಾಣಿ ಅಂತ ಒಂದು ಹೆಸರಾಂತ ಒಗಟಿದೆಯಲ್ಲ, ಐನ್‌ಸ್ಟೈನ್ ಮಾಡಿದ್ದು, ಲೋಕದಲ್ಲಿ ನೂರಕ್ಕೆ ಇಬ್ಬರೇ ಬಿಡಿಸಬಲ್ಲರು ಎಂದು ಫೋನಿನಿಂದ ಫೋನಿಗೆ ಹಾರುತ್ತಿರುತ್ತದೆ. ಐನ್‌ಸ್ಟೈನ್ ಮಾಡಿದ್ದು ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಅದು 'ಲೈಫ್ ಇಂಟರ್‌ನ್ಯಾಷನಲ್' ಪತ್ರಿಕೆಯಲ್ಲಿ ಅಚ್ಚಾದದ್ದು 1962ರ ಡಿಸೆಂಬರ್‌ನಲ್ಲಿ, ಆತ ತೀರಿಕೊಂಡು ಏಳು ವರ್ಷವಾದ ಮೇಲೆ. ಅಲ್ಲಿ ಕೇಳುವುದು ಎರಡೇ ಪ್ರಶ್ನೆ: ನೀರು ಕುಡಿಯುವವರು ಯಾರು, ಜೀಬ್ರಾ ಯಾರದು? ಸುಳಿವುಗಳನ್ನು ಮೇಲಿಂದ ಕೆಳಗೆ ಓದಿ ನೋಡಿ, ನೀರೂ ಇಲ್ಲ, ಜೀಬ್ರಾನೂ ಇಲ್ಲ. ನರಿ, ಕುದುರೆ, ಬಸವನಹುಳುಗೆಲ್ಲ ಮನೆ ಹಂಚಿಯಾದ ಮೇಲೆ ಮಿಕ್ಕ ಮನೆಯಲ್ಲಿ ಜೀಬ್ರಾ ಕಟ್ಟಿಹಾಕಿರುತ್ತಾರೆ, ಅಷ್ಟೇ.

ಕೂರಿಸುವ ಲೆಕ್ಕಕ್ಕೆ ದೊಡ್ಡ ದೊಡ್ಡವರೇ ತಲೆ ಕೊಟ್ಟಿದ್ದಾರೆ. ಫ್ರಾನ್ಸಿನ ಗಣಿತಜ್ಞ ಎದ್ವಾರ್ ಲ್ಯೂಕಾ 1891ರಲ್ಲಿ ಒಂದು ಪ್ರಶ್ನೆ ಕೇಳಿದ. ದುಂಡು ಮೇಜಿನ ಸುತ್ತ ಗಂಡಸರು ಹೆಂಗಸರು ಒಬ್ಬರು ಬಿಟ್ಟು ಒಬ್ಬರು ಕೂರಬೇಕು, ಗಂಡ ಹೆಂಡತಿ ಮಾತ್ರ ಅಕ್ಕಪಕ್ಕ ಬರಬಾರದು, ಹೀಗೆ ಎಷ್ಟು ಥರ ಕೂರಿಸಬಹುದು? ಮೂರು ಜೋಡಿಗೆ 12 ಥರ. ಆರು ಜೋಡಿಗೆ ಹೋದರೆ 1,15,200. ಇದಕ್ಕೊಂದು ಅಚ್ಚುಕಟ್ಟಾದ ಸೂತ್ರ ಸಿಕ್ಕಿದ್ದು 1934ರಲ್ಲಿ. ಅದಾದ ಮೇಲೂ 1986ರಲ್ಲಿ ಬೊಗಾರ್ಟ್ ಮತ್ತು ಡಾಯ್ಲ್ ಎಂಬಿಬ್ಬರು ಬಂದು, "ಇಷ್ಟು ವರ್ಷ ನೀವೆಲ್ಲ ಹೆಂಗಸರನ್ನು ಮೊದಲು ಕೂರಿಸಿ ಲೆಕ್ಕ ಶುರು ಮಾಡಿದ್ದೇ ತೊಡಕಾಯಿತು, ಆ ಮರ್ಯಾದೆ ಬಿಟ್ಟರೆ ದಾರಿ ಸಲೀಸು" ಎನ್ನುವ ಅರ್ಥದಲ್ಲಿ ತೋರಿಸಿಕೊಟ್ಟರು. ಪಾಪ, ಲ್ಯೂಕಾ ಇದನ್ನೆಲ್ಲ ನೋಡಲಿಲ್ಲ. ಆ 1891ರಲ್ಲೇ ಒಂದು ಔತಣಕೂಟದಲ್ಲಿ ಬಡಿಸುವವನ ಕೈಯಿಂದ ಪಿಂಗಾಣಿ ಬಿದ್ದು ಒಡೆದು, ಚೂರೊಂದು ಸಿಡಿದು ಆತನ ಕೆನ್ನೆ ಕೊಯ್ಯಿತು. ಗಾಯ ನಂಜಾಗಿ ಕೆಲವೇ ದಿನಗಳಲ್ಲಿ ಹೋಗಿಬಿಟ್ಟ. 49 ವರ್ಷ. ಆವತ್ತು ಒಂದು ಕುರ್ಚಿ ಆಚೆ ಕೂತಿದ್ದರೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ನನ್ನ ಜೀವಕ್ಕೇನೂ ಆಗಲಿಲ್ಲ, ಆದರೆ ಕೂರಿಸುವ ಲೆಕ್ಕದಲ್ಲಿ ನಾನೂ ಒಂದು ಸಲ ಪೆಟ್ಟು ತಿಂದಿದ್ದೇನೆ. ಹತ್ತು ವರ್ಷದ ಹಿಂದಿನ ಮಾತು. ಮನೆಯವರೆಲ್ಲ ಸೇರಿ ದೂರದ ಪ್ರಯಾಣ ಹೊರಟಿದ್ದೆವು. ಒಂದು ವ್ಯಾನು, ಮುಂದೆ ಎರಡು ಸೀಟು, ನಡುವೆ ಮೂರು, ಹಿಂದೆ ಮೂರು. ಭಾವ, ಅಕ್ಕ, ಅವರ ಮಗಳು, ಮಗ, ದೊಡ್ಡಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ನಾನು. ವ್ಯಾನು ಓಡಿಸುವವರು ಭಾವ. ಅವರನ್ನು ಸ್ಟೀರಿಂಗಿಗೆ ಕೂರಿಸಿದರೆ ಉಳಿದ ಏಳು ಜನಕ್ಕೆ ಏಳು ಸೀಟು, 5,040 ಥರ. ದುಂಡು ಮೇಜಿನ ಲೆಕ್ಕವೇ. ಅಲ್ಲೂ ಒಬ್ಬನನ್ನು ಮೊಳೆ ಹೊಡೆದಂತೆ ಕೂರಿಸಿಕೊಂಡೇ ಎಣಿಕೆ ಶುರು ಮಾಡುವುದು.

"ಯಾರು ಎಲ್ಲಿ ಕೂರಬೇಕು ಅಂತ ನಾನು ನೋಡ್ಕೋತೀನಿ" ಎಂದು ಹಿಂದಿನ ರಾತ್ರಿ ನಾನೇ ಮೈಮೇಲೆ ಎಳೆದುಕೊಂಡೆ. ಇಂಥ ಲೆಕ್ಕ ಬಿಡಿಸುವ ಕಂಪ್ಯೂಟರಿನವರಲ್ಲಿ ಒಂದು ಹಳೆಯ ಬುದ್ಧಿವಾದವಿದೆ. ಹರಾಲಿಕ್ ಮತ್ತು ಎಲಿಯಟ್ ಎಂಬವರು 1980ರಲ್ಲಿ ಬರೆದದ್ದು. ಎಲ್ಲಿ ಸೋಲುವ ಸಂಭವ ಜಾಸ್ತಿಯೋ ಅಲ್ಲಿಂದಲೇ ಶುರು ಮಾಡು ಎನ್ನುತ್ತದೆ. ನಮ್ಮನೆಯಲ್ಲಿ ಅದಕ್ಕೆ ದೊಡ್ಡಮ್ಮ ಅಂತಾರೆ.

ದೊಡ್ಡಮ್ಮನಿಗೆ ಮಂಡಿನೋವು, ಹಿಂದಿನ ಸಾಲಿಗೆ ಹತ್ತಲಾರರು. ಮುಂದೆ ಕೂರಿಸಿದರೆ ಎದುರಿಗೆ ಲಾರಿ ಬಂದಾಗಲೆಲ್ಲ ಇಲ್ಲದ ಬ್ರೇಕ್ ಒತ್ತಿ ಕೂಗುತ್ತಾರೆ. ಹಾಗೇನಾದರೂ ಆದರೆ ತಾನು ವ್ಯಾನು ಮುಟ್ಟುವುದಿಲ್ಲ ಎಂದು ಭಾವ ಮೊದಲೇ ಹೇಳಿದ್ದರು. ಅಲ್ಲಿಗೆ ದೊಡ್ಡಮ್ಮ ನಡುವಿನ ಸಾಲು. ಅಕ್ಕನ ಮಗಳಿಗೆ ಗಾಡಿ ಹತ್ತಿದರೆ ವಾಂತಿ, ಆದ್ದರಿಂದ ಕಿಟಕಿ ಬೇಕು, ಹಿಂದಿನ ಸಾಲು ಬೇಡ. ಅವಳ ಪಕ್ಕ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಅಕ್ಕ. ಚಿಕ್ಕಪ್ಪನಿಗೆ ಎಡಗಿವಿ ಕೇಳಿಸುವುದಿಲ್ಲ, ಆದರೆ ದಾರಿಯುದ್ದಕ್ಕೂ ಮಾತು ಬೇಕು. ಮುಂದೆ ಕೂತರೆ ಒಳ್ಳೆಯ ಕಿವಿ ಭಾವನ ಕಡೆಗಿರುತ್ತದೆ. ಅಕ್ಕನ ಮಗ ಅವನ ಅಕ್ಕನ ಪಕ್ಕ ಕೂತರೆ ಹತ್ತೇ ನಿಮಿಷದಲ್ಲಿ ಕೂದಲು ಕಿತ್ತಾಟ, ಅವನು ಹಿಂದಕ್ಕೆ. ಇನ್ನು ಯಾರೂ ಬಾಯಿಬಿಟ್ಟು ಹೇಳದ ಸುಳಿವೊಂದಿತ್ತು. ದೊಡ್ಡಮ್ಮ, ಚಿಕ್ಕಮ್ಮ ಓರಗಿತ್ತಿಯರು. ಒಂದು ಹೊಲಿಗೆ ಮೆಷಿನ್ನಿನ ವಿಷಯದಲ್ಲಿ ಮಾತು ಬಿಟ್ಟು ಆಗ ಮೂರು ವರ್ಷವಾಗಿತ್ತು. ಅವರಿಬ್ಬರು ಒಂದೇ ಸಾಲಿನಲ್ಲಿ ಬರಬಾರದು, ಬರಬಾರದು ಅಂತ ನಾವು ಯೋಚಿಸಿದ್ದೂ ಅವರಿಗೆ ಗೊತ್ತಾಗಬಾರದು.

ರಾತ್ರಿ ಹನ್ನೊಂದಕ್ಕೆ ಎಲ್ಲ ಕೂಡಿಬಂತು. ಮುಂದೆ ಭಾವ, ಚಿಕ್ಕಪ್ಪ. ನಡುವೆ ಒಂದು ಕಿಟಕಿಗೆ ಮಗಳು, ಇನ್ನೊಂದಕ್ಕೆ ಗಾಜು ಏರಿಸಿ ದೊಡ್ಡಮ್ಮ, ಮಧ್ಯೆ ಅಕ್ಕ. ಹಿಂದೆ ಚಿಕ್ಕಮ್ಮ, ಹುಡುಗ, ನಾನು. ಒಬ್ಬರಿಗೂ ನೋವಿಲ್ಲ, ಒಂದು ನಿಯಮವೂ ಮುರಿದಿಲ್ಲ. ಆ ಹಾಳೆಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ. ಅಂಥ ನಿದ್ದೆ ನನಗೆ ಅಪರೂಪ.

ಬೆಳಿಗ್ಗೆ ಐದೂವರೆಗೆ ವ್ಯಾನಿನ ಬಾಗಿಲಲ್ಲಿ ಹಾಳೆ ಹಿಡಿದು ನಿಂತೆ. ದೊಡ್ಡಮ್ಮ ಬಂದರು. ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಸೀದಾ ಹಿಂದಿನ ಸಾಲಿಗೆ ಹತ್ತಿದರು.

"ದೊಡ್ಡಮ್ಮ, ನಿಮ್ಮ ಮಂಡಿ..."

"ಇವತ್ತು ಪರವಾಗಿಲ್ಲ ಕಣೋ. ಅವಳ ಜೊತೆ ಕೂತ್ಕೋತೀನಿ. ಬಾರೇ, ಬೇಗ ಬಾ" ಎಂದು ಚಿಕ್ಕಮ್ಮನನ್ನು ಕರೆದರು. ಚಿಕ್ಕಮ್ಮ ನಗುತ್ತಾ ಹತ್ತಿದರು. ಹೊಲಿಗೆ ಮೆಷಿನ್ನು ನಾಲ್ಕು ದಿನದ ಹಿಂದೆ ಫೋನಿನಲ್ಲಿ ಇತ್ಯರ್ಥವಾಗಿತ್ತಂತೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತಂತೆ. "ನಿನಗೆ ಹೇಳಿರಲಿಲ್ವಾ?" ಎಂದು ಅಕ್ಕ ಕೇಳಿದಳು, ಕೇಳಿಕೊಂಡೇ ಅವಳೂ ಅವರ ಪಕ್ಕಕ್ಕೆ ಹತ್ತಿದಳು. ಓರಗಿತ್ತಿಯರು ಮೂರು ವರ್ಷದ ಮೇಲೆ ಮಾತಾಡುವಾಗ ಪ್ಲಾಸ್ಟಿಕ್ ಚೀಲ ಹಿಡಿದು ಕೂರಲು ಯಾರಿಗೆ ಮನಸ್ಸು ಬರುತ್ತದೆ? ಮಗಳು ಮುಂದಿನ ಸೀಟಿಗೆ ಓಡಿದಳು. ಚಿಕ್ಕಪ್ಪ ನಡುವಿನ ಬಲಗಿಟಕಿ ಹಿಡಿದರು, ಹುಡುಗ ಎಡಗಿಟಕಿ. ಎಲ್ಲ ಸೇರಿ ಎರಡು ನಿಮಿಷ ಹಿಡಿಯಲಿಲ್ಲ. ಉಳಿದದ್ದು ನಟ್ಟನಡುವಿನ ಸೀಟು. ಕಾಲಿಡುವ ಜಾಗದಲ್ಲಿ ಯಾರದೋ ಚೀಲ.

ಚಿಕ್ಕಪ್ಪನ ಕೇಳಿಸದ ಕಿವಿ ಸರಿಯಾಗಿ ನನ್ನ ಕಡೆಗೇ ಬಂದಿತ್ತು. ಆರು ಗಂಟೆ ಅವರು ಮಾತಾಡಿದರು, ಆರು ಗಂಟೆ ನಾನು ಕೂಗಿದೆ. ಮಗಳು ಮುಂದೆ ಕೂತು ಹಾಡು ಹೇಳಿಕೊಂಡು ಆರಾಮಾಗಿದ್ದಳು. ವಾಂತಿ ಮಾಡಿದ್ದು ಅವಳ ತಮ್ಮ. ಅವನ ಹೊಟ್ಟೆಯ ಬಗ್ಗೆ ನನ್ನ ಹಾಳೆಯಲ್ಲಿ ಒಂದಕ್ಷರ ಇರಲಿಲ್ಲ. ಪಕ್ಕದಲ್ಲೇ ತೆರೆದ ಕಿಟಕಿ. ಹೊರಮುಖವಾಗಿ ಮಾಡಬಹುದಿತ್ತು. ಒಳಮುಖವಾಗಿಯೇ ಮಾಡಿದ. ನಾನು ಮೂರನೆಯವನೂ ಅಲ್ಲ, ನಾಲ್ಕನೆಯವನೂ ಅಲ್ಲ, ಪಕ್ಕದವನೇ.

ಆ ಷರಟಿನ ಕಥೆ ಬಿಡಿ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಹಾಳೆಯ ವಿಷಯಕ್ಕೆ. ಏಳು ಜನರ ಮಂಡಿ, ಕಿವಿ, ಹೊಟ್ಟೆ, ಮುನಿಸು ಎಲ್ಲವನ್ನೂ ಒಂದೊಂದಾಗಿ ಬರೆದುಕೊಂಡಿದ್ದೆ. ಅದನ್ನು ಒಬ್ಬರಾದರೂ ಕೈಗೆತ್ತಿಕೊಂಡು ಓದಿದ್ದರೆ ಏನು ಗಂಟು ಹೋಗುತ್ತಿತ್ತು? ಇನ್ನೊಂದು ವಿಷಯ ವಾಪಸು ಬಂದ ಮೇಲೆ ಹಾಳೆ ಮಡಚುವಾಗ ಕಣ್ಣಿಗೆ ಬಿತ್ತು. ನನ್ನ ಹೆಸರಿನ ಮುಂದೆ ನಾನೇ ಏನೂ ಬರೆದಿರಲಿಲ್ಲ. ಕಿಟಕಿ ಬೇಕು ಅಂತ ಬರೆಯಬಹುದಿತ್ತು. ನನಗೂ ಕಿಟಕಿ ಅಂದರೆ ಇಷ್ಟವೇ.

ಎಲ್ಲಿದ್ದೆ? ಬೆಂಕಿಕಡ್ಡಿ. ಮುಖಗಳನ್ನು ಸರಿಯಾಗಿ ತಿರುಗಿಸಿದ ಮೇಲೆ ಲೆಕ್ಕ ಹನ್ನೆರಡು ನಿಮಿಷಕ್ಕೆ ಬಿಟ್ಟುಕೊಂಡಿತು. ಮಧ್ಯದಲ್ಲಿ ಫ್ಯಾನಿನ ಗಾಳಿಗೆ ಎಸ್ ಒಂದು ಸಲ ಉರುಳಿ ಯುವಿನ ತೊಡೆಯ ಮೇಲೆ ಬಂದಿದ್ದ, ಎತ್ತಿ ಕೂರಿಸಿದೆ. ಕೊನೆಯಲ್ಲಿ ಟಿ ಮತ್ತು ವಿ ನಡುವೆ ಒಂದು ಜಾಗ ಉಳಿಯಿತು. ತಲೆಯಿಲ್ಲದ ಕಡ್ಡಿಯನ್ನು ಅಲ್ಲಿಟ್ಟೆ. ಮೂರು ಪ್ರಶ್ನೆಗೆ ಉತ್ತರ ಸರಿಬಂತು. ಹುಡುಗಿಗೆ ಖುಷಿಯಾಯಿತು, ನನಗೂ ಆಯಿತು ಅನ್ನಿ.

"ನಾಲ್ಕನೇದು ಮಾಮ. ಡಬ್ಲ್ಯೂ ಯಾವ ಕಡೆಗೆ ಮುಖ ಮಾಡಿ ಕೂತಿದ್ದಾರೆ?"

ಒಳಗೆ, ಹೊರಗೆ, ಟಿ ನೋಡುತ್ತಿರುವ ಕಡೆಗೆ, ನಿರ್ಧರಿಸಲು ಸಾಧ್ಯವಿಲ್ಲ. ನಾಲ್ಕು ಆಯ್ಕೆ. ಅವಳು ಆಗಲೇ ನಾಲ್ಕನೆಯದಕ್ಕೆ ಗುರುತು ಹಾಕಿ ಪುಟ ತಿರುಗಿಸುತ್ತಿದ್ದಳು. "ತಡಿ" ಎಂದೆ. ಕಡ್ಡಿಯನ್ನು ಎತ್ತಿ, ಉಲ್ಟಾ ಮಾಡಿ, ಅದೇ ಜಾಗದಲ್ಲಿಟ್ಟು ನೋಡಿದೆ. ಮೊದಲಿನ ಹಾಗೇ ಕಂಡಿತು.