ಸ್ಪಷ್ಟನೆ: ನಮ್ಮ ಶಾಲೆಯ ಆಪೆರಾದಲ್ಲಿ ಟೇಪ್ ಹಾಕಿರಲಿಲ್ಲ

ನಮ್ಮ ಶಾಲೆಯಲ್ಲಿ ಆಡಿದ ‘ದಿ ಪೈರೇಟ್ಸ್ ಆಫ್ ಪೆನ್ಜಾನ್ಸ್’ ಎಂಬ ಆಪೆರಾದ (ಹಾಡುಗಳ ಇಂಗ್ಲಿಷ್ ನಾಟಕ) ಫೋಟೋ ಈಗ ಹಳೆಯ ವಿದ್ಯಾರ್ಥಿಗಳ ನಡುವೆ ಓಡಾಡುತ್ತಿದೆ. ಜೊತೆಗೊಂದು ಮಾತು: ‘ಮಕ್ಕಳು ಬರೀ ಬಾಯಿ ಆಡಿಸಿದ್ದು, ಹಾಡೆಲ್ಲ ಟೇಪಿನದ್ದು.’

ಇದು ಖಂಡಿತ ತಪ್ಪು. ಫೋಟೋದಲ್ಲಿ ಪೊಲೀಸ್ ವೇಷದವರ ಸಾಲಿದೆಯಲ್ವಾ, ಅದರಲ್ಲಿ ಎಡಗಡೆಯಿಂದ ಮೂರನೆಯವನು ನಾನೇ. ಒಂದೇ ಒಂದು ಪಿಯಾನೊ ಇತ್ತು. ಉಳಿದದ್ದೆಲ್ಲ ನಮ್ಮ ಗಂಟಲು. ರಟ್ಟಿನ ಹೆಲ್ಮೆಟ್ಟಿಗೆ ಬಳಿದ ಕಪ್ಪು ಬಣ್ಣ ಬೆವರಿಗೆ ಕರಗಿ ಹಣೆಗೆ ಇಳಿಯುತ್ತಿತ್ತು. ಒರೆಸಿಕೊಳ್ಳದೆ ಹಾಡಿದೆವು. ಮೇಜರ್ ಜನರಲ್ ಪಾತ್ರದ ಹುಡುಗ ತನ್ನ ಪಾತ್ರದ ವೇಗವಾಗಿ ಓಡುವ ಹಾಡನ್ನು ಊಟದ ಬಿಡುವಿನಲ್ಲೂ ಗುನುಗುತ್ತಿದ್ದ. ಎರಡನೇ ದಿನ ನಡುವೆ ಒಂದು ಸಾಲು ಮರೆತ. ಪಿಯಾನೊ ನುಡಿಸುತ್ತಿದ್ದ ಮೇಡಂ ಅದೇ ಸ್ವರಗಳನ್ನು ಮತ್ತೊಮ್ಮೆ ನುಡಿಸಿ ಅವನನ್ನು ದಾರಿಗೆ ತಂದರು. ಟೇಪ್ ಹೀಗೆ ಕಾಯುತ್ತದೆಯೇ?

ಅದೇ ಸಂದೇಶದಲ್ಲಿ ಈ ಆಪೆರಾವನ್ನು ಇಂಗ್ಲೆಂಡಿನ ಸಂಗೀತಗಾರ ಸಲಿವನ್ ಒಬ್ಬರೇ ಬರೆದರು, ಮೊದಲು ಲಂಡನ್ನಿನಲ್ಲಿ ಆಡಿದರು ಎಂದೂ ಇದೆ. ಅದೂ ಸರಿಯಲ್ಲ. ಮಾತು ನಾಟಕಕಾರ ಗಿಲ್ಬರ್ಟ್ ಅವರದು, ಸಂಗೀತ ಸಲಿವನ್ ಅವರದು. ಅವರ ಹಿಂದಿನ ಆಪೆರಾವನ್ನು ಅಮೆರಿಕದ ಕಂಪನಿಗಳು ದುಡ್ಡು ಕೊಡದೆ ಆಡಿದ್ದವು. ಹಾಗಾಗಿ ಇದನ್ನು ನ್ಯೂಯಾರ್ಕಿನಲ್ಲೇ 1879ರ ಡಿಸೆಂಬರ್ 31ರಂದು ಮೊದಲು ರಂಗಕ್ಕೆ ತಂದರು. ಹಿಂದಿನ ದಿನ ಇಂಗ್ಲೆಂಡಿನ ಪೇಂಟನ್‌ನಲ್ಲಿ ಕೃತಿಯ ಮೇಲಿನ ಹಕ್ಕು (ಕಾಪಿರೈಟ್) ಉಳಿಸಿಕೊಳ್ಳಲೆಂದೇ ಒಂದು ಅವಸರದ ಪ್ರದರ್ಶನ ನಡೆದಿತ್ತು. ಲಂಡನ್ ಸರದಿ ಬಂದಿದ್ದು 1880ರಲ್ಲಿ.

ಫೋಟೋ ಹಂಚುವವರು ದಯವಿಟ್ಟು ಆ ಟೇಪಿನ ಸಾಲು ತೆಗೆಯಿರಿ. ಮೂರು ತಿಂಗಳು ಕಷ್ಟಪಟ್ಟು ಕಲಿತು ಹಾಡಿದ್ದೇವೆ.