ಬಿಲ ತೋಡುವವನಿಗೆ ಸುರಂಗ ಭಾಗ್ಯ

ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದಲ್ಲಿ ಕಾಡು ಹ್ಯಾಮ್ಸ್ಟರ್ ಅಂತ ಒಂದು ಡುಮ್ಮ ಇಲಿ ಇದೆ. ಕಂದು ಬೆನ್ನು, ಕಪ್ಪು ಹೊಟ್ಟೆ. ಕೆನ್ನೆಯ ಚೀಲದಲ್ಲಿ ಕಾಳು ತುಂಬಿಕೊಂಡು ಬಂದು ಹೊಲದಡಿಯ ಬಿಲದಲ್ಲಿ ಕೂಡಿಟ್ಟು, ಚಳಿಗಾಲವೆಲ್ಲ ಮಲಗುತ್ತದೆ. ಹಿಂದೆ ಬೆಳೆಗಳ್ಳ ಅಂತ ಹಿಡಿಹಿಡಿದು ಕೊಂದರು. 1993ರಲ್ಲಿ ದಿಢೀರನೆ ಬಡ್ತಿ ಸಿಕ್ಕಿತು: ಕಾನೂನಿನ ರಕ್ಷಣೆ ಇರುವ ಪ್ರಾಣಿ!

2001ರಲ್ಲಿ ಲೆಕ್ಕಕ್ಕೆ ಸಿಕ್ಕ ಬಿಲಗಳು 1,167. 2007ರಲ್ಲಿ 161. ಇಷ್ಟು ರಕ್ಷಣೆ ಕೊಟ್ಟಮೇಲೂ 161 ಉಳಿದವಲ್ಲ, ಇಲಿ ಗಟ್ಟಿಪಿಂಡವೇ ಸರಿ.

ಹೊಲ ಹೋಗಿ ಬಡಾವಣೆ, ರಸ್ತೆ ಬಂದವು. ಉಳಿದ ಹೊಲದಲ್ಲಿ ಗೋಧಿ, ಮೇವು ಹೋಗಿ ಎಲ್ಲಿ ನೋಡಿದರೂ ಮುಸುಕಿನ ಜೋಳ. ಅದು ಎಂಥ ಊಟ ಅಂತ ಸ್ಟ್ರಾಸ್‌ಬರ್ಗ್‌ನ ಸಂಶೋಧಕರು ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದರು. ಬಿ3 ಜೀವಸತ್ವ ಸಿಗದೆ ತಾಯಿ ಹ್ಯಾಮ್ಸ್ಟರ್‌ಗಳಿಗೆ ತಲೆ ಕೆಟ್ಟಿತು. ಹೆತ್ತ ಮರಿಗಳನ್ನು ಜೋಳದ ರಾಶಿಯ ಮೇಲಿಟ್ಟು, ಜೀವಂತ ತಿಂದವು. ಬಿ3 ಬೆರೆಸಿ ಕೊಟ್ಟಾಗ ಸುಮ್ಮನಾದವು.

ಐರೋಪ್ಯ ಒಕ್ಕೂಟ ಏನು ಮಾಡಿತು? ಒಂದು ಕೈಯಲ್ಲಿ ಜೋಳ ಬೆಳೆಯುವವರಿಗೆ ಸಬ್ಸಿಡಿ ಕೊಟ್ಟಿತು. ಇನ್ನೊಂದು ಕೈಯಲ್ಲಿ ‘ಇಲಿ ಎಲ್ಲಿ?’ ಅಂತ ಫ್ರಾನ್ಸನ್ನು ಲಕ್ಸೆಂಬರ್ಗ್‌ನ ಕೋರ್ಟಿಗೆ ಎಳೆಯಿತು. 2011ರ ಜೂನ್‌ನಲ್ಲಿ ಫ್ರಾನ್ಸ್ ಸೋತಿತು. ಮಗುವನ್ನು ಚಿವುಟೋದೂ ಅದೇ, ತೊಟ್ಟಿಲು ತೂಗೋದೂ ಅದೇ.

ಇನ್ನೊಂದು ಮಜಾ ಕೇಳಿ. ಈ ಒಕ್ಕೂಟದ ಸಂಸತ್ತು ಕೂರುವುದೇ ಅಲ್ಸಾಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ. ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಬ್ರಸೆಲ್ಸ್‌ನಿಂದ ಪೆಟ್ಟಿಗೆಗಟ್ಟಲೆ ಕಾಗದ ಲಾರಿಗೆ ತುಂಬಿ ಬರುತ್ತಾರೆ, ನಾಲ್ಕು ದಿನ ಕೂತು ಮತ್ತೆ ಹೊತ್ತು ಹೋಗುತ್ತಾರೆ. ಸಾಗಿಸೋದು, ಕೂಡಿಡೋದು ಅಂದರೆ ಏನು ಅಂತ ಬಲ್ಲ ಜನ. ಪಕ್ಕದ ಹೊಲದವನ ಕಷ್ಟ ಇವರಿಗಲ್ಲದೆ ಇನ್ಯಾರಿಗೆ ಅರ್ಥವಾಗಬೇಕು?

ದಂಡದ ಭಯಕ್ಕೆ ಖಜಾನೆ ಬಾಗಿಲು ತೆರೆಯಿತು. ಗೋಧಿ ಬಿತ್ತುವ ರೈತರಿಗೆ ದುಡ್ಡು. ಬೋನಿನಲ್ಲಿ ಸಾಕಿದ ಹ್ಯಾಮ್ಸ್ಟರ್‌ಗಳನ್ನು ತಂದು ಹೊಲಕ್ಕೆ ಬಿಡೋದು. ವಸಂತದಲ್ಲಿ ಬಿಲ ಎಣಿಸೋದು. ಇಷ್ಟೆಲ್ಲ ಆಗುತ್ತಿರುವಾಗಲೇ, ಅದೇ ಬಯಲಿನಲ್ಲಿ 24 ಕಿಲೋಮೀಟರ್ ಬೈಪಾಸ್ ಹೆದ್ದಾರಿಯ ಕೆಲಸವೂ ನಡೆಯಿತು. ಹಾಗಂತ ಪ್ರಾಣಿಗಳನ್ನು ಮರೆತಿಲ್ಲ. ಅವು ದಾಟಲಿ ಅಂತ ರಸ್ತೆಯ ಅಡಿಯಲ್ಲಿ ಅಲ್ಲಲ್ಲಿ ದಾರಿ ಬಿಟ್ಟಿದ್ದಾರೆ. ಹುಟ್ಟಿನಿಂದ ಬಿಲ ತೋಡುವವನಿಗೆ ಪುಕ್ಕಟೆ ಸುರಂಗ! ನಮ್ಮಲ್ಲಾಗಿದ್ದರೆ ಫ್ಲೆಕ್ಸ್ ಕೂಡ ಬೀಳುತ್ತಿತ್ತು.

2020ರಲ್ಲಿ ಜಾಗತಿಕ ಕೆಂಪು ಪಟ್ಟಿ ಈ ಪ್ರಾಣಿಯನ್ನು ತೀವ್ರ ಅಪಾಯದ ಸಾಲಿಗೆ ಸೇರಿಸಿತು. 2021ರ ಡಿಸೆಂಬರ್‌ನಲ್ಲಿ ಹೆದ್ದಾರಿ ಸಂಚಾರಕ್ಕೆ ತೆರೆಯಿತು. ಹ್ಯಾಮ್ಸ್ಟರ್‌ಗಳು ಗಾಢ ನಿದ್ದೆಯಲ್ಲಿದ್ದ ಕಾರಣ ಅವುಗಳ ಕಡೆಯಿಂದ ಯಾವ ತಕರಾರೂ ಬರಲಿಲ್ಲ.