ಟಿಕೆಟ್ ಇಲ್ಲದೆ ಹಿಂದಿಗೆ ಹೋದ ಅಜ್ಜಿ

ನಮ್ಮ ದೇಶದಲ್ಲಿ ವಲಸೆ ಎರಡು ಥರ. ಒಂದು, ಗಂಟುಮೂಟೆ ಕಟ್ಟಿ ಲಾರಿ ಹತ್ತೋದು. ಇನ್ನೊಂದಕ್ಕೆ ಹೊಸ್ತಿಲು ದಾಟುವ ಕಷ್ಟವೂ ಇಲ್ಲ. ನೀವು ಕಟ್ಟೆ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತೀರಿ, ನಿಮ್ಮ ಮಾತು ಮಾತ್ರ ದಿಲ್ಲಿಯ ಒಂದು ಪಟ್ಟಿಯಲ್ಲಿ ಬೇರೆ ಭಾಷೆಯ ಮನೆಗೆ ಹೋಗಿ ಸೇರಿಕೊಂಡಿರುತ್ತದೆ.

ವಿಜಯಪುರದ ಕಡೆಯ ಒಂದು ತಾಂಡಾ ಅಂದುಕೊಳ್ಳಿ. ಅಜ್ಜಿ ಬಾಗಿಲಲ್ಲಿ ಕೂತು ಮೊಮ್ಮಗನಿಗೆ ಬೈಯುತ್ತಿದ್ದಾಳೆ. ಬೈಗುಳ ಲಂಬಾಣಿ. ಅಂಗಡಿಯಲ್ಲಿ ಕನ್ನಡ. ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ ಹೋದ ಮಗನಿಗೆ ಅಲ್ಲಿ ಮರಾಠಿ. ಇದರಲ್ಲಿ ಹಿಂದಿ ಎಲ್ಲಿ ಬಂತು? ಜನಗಣತಿಯಲ್ಲಿ ಬಂತು. 2011ರಲ್ಲಿ ಮಾತೃಭಾಷೆ ಲಂಬಾಣಿ ಅಂತ ಬರೆಸಿದ 32 ಲಕ್ಷಕ್ಕೂ ಜಾಸ್ತಿ ಜನರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿದ್ದಾರೆ. ಬೇಕಿದ್ದರೆ ಹೋಗಿ ಹೇಳಿ ನೋಡಿ, 'ಅಜ್ಜಿ, ನೀವೀಗ ಬೈದಿದ್ದು ಹಿಂದಿ' ಅಂತ. ಮುಂದಿನ ಬೈಗುಳ ನಿಮಗೇ.

ಅಜ್ಜಿ ಅಲ್ಲಿ ಒಂಟಿಯೇನಲ್ಲ. 5 ಕೋಟಿ ಭೋಜಪುರಿಯವರು ಆಗಲೇ ಸೀಟು ಹಿಡಿದಿದ್ದಾರೆ. ರಾಜಸ್ಥಾನಿ, ಛತ್ತೀಸ್‌ಗಢಿ, ಮಗಹಿ ಎಲ್ಲರೂ ಒತ್ತೊತ್ತಾಗಿ ಕೂತಿದ್ದಾರೆ. ಹಿಂದಿಯವರು 52 ಕೋಟಿ ಅಂತಾರಲ್ಲ, ಅದರಲ್ಲಿ ನಮ್ಮ ಮಾತು ಹಿಂದಿ ಅಂತ ತಾವೇ ಬರೆಸಿದವರು 32 ಕೋಟಿ. ಮಿಕ್ಕ 20 ಕೋಟಿ ಜನ ಮನೆಯಲ್ಲೇ ಕೂತು ವಲಸೆ ಹೋದವರು. ದೇಶ ಭಾಗವಾದಾಗಲೂ ಇಷ್ಟು ಜನ ಜಾಗ ಬದಲಿಸಿರಲಿಲ್ಲ.

ನಾವೇನು ಸಾಚಾಗಳಾ? ನೀಲಗಿರಿಯ ಬಡಗರ ಮಾತನ್ನು, ಒಂದು ಲಕ್ಷದ ಮೇಲಿನ ಅಷ್ಟೂ ಜನರ ಸಮೇತ, ಕನ್ನಡದ ಲೆಕ್ಕಕ್ಕೆ ಹಾಕಿದ್ದಾರೆ. ಆಗ ಒಬ್ಬರೂ ಕೆಮ್ಮಲಿಲ್ಲ. ಹಿಂದಿ ಮಾಡಿದರೆ ಹೇರಿಕೆ, ನಮಗೆ ಬಂದರೆ ನೆಂಟಸ್ತಿಕೆ.

ಗಣತಿಯಲ್ಲಿ ಜನ ಬಾಯಿಬಿಟ್ಟು ಹೇಳಿದ ಮಾತೃಭಾಷೆಯ ಹೆಸರುಗಳು 19,569. ಅದನ್ನು ಜರಡಿ ಹಿಡಿದು 1,369 ಮಾಡಿದರು. ಮತ್ತೆ ಹಿಂಡಿ 121 ಭಾಷೆ. ಸಂವಿಧಾನದ ಎಂಟನೇ ಅನುಸೂಚಿಯಲ್ಲಿ ಕುರ್ಚಿ ಇರುವುದು 22ಕ್ಕೆ. ಇಷ್ಟು ಹಿಂಡಿ ಪಟ್ಟಿ ಹೊರಬಿಟ್ಟಾಗ 2018. ಎಣಿಸುವಾಗ ತೊಟ್ಟಿಲಲ್ಲಿದ್ದ ಕೂಸು ಅಷ್ಟೊತ್ತಿಗೆ ಎರಡನೇ ಕ್ಲಾಸಿಗೆ ಬಂದಿತ್ತು.

ಇನ್ನು ಕಾಲಲ್ಲಿ ನಡೆದು ಹೋಗುವ ವಲಸೆ. ಮೊದಲು ಬೇರೆ ಊರಲ್ಲಿದ್ದವರೆಲ್ಲ ವಲಸಿಗರು ಅನ್ನೋ ಲೆಕ್ಕದಲ್ಲಿ 2011ಕ್ಕೆ ದೇಶದಲ್ಲಿ 45 ಕೋಟಿ ವಲಸಿಗರು. ಹತ್ತಿರಹತ್ತಿರ ಅರ್ಧದಷ್ಟು ಜನ ಕೊಟ್ಟ ಕಾರಣ ಮದುವೆ. ನಮ್ಮ ಅಜ್ಜಿ ಪಕ್ಕದ ತಾಂಡಾದಿಂದ ಸೊಸೆಯಾಗಿ ಬಂದವಳು ತಾನೇ? ಅಲ್ಲಿಂದ ಐವತ್ತು ವರ್ಷ ಇದೇ ಹೊಸ್ತಿಲು ಸಾರಿಸಿದ್ದಾಳೆ. ಆದರೂ ವಲಸೆಗಾರ್ತಿ. ಮಗ? ಅವನು ವರ್ಷದಲ್ಲಿ ಆರು ತಿಂಗಳು ಊರಲ್ಲೇ ಇರಲ್ಲ, ಪರರಾಜ್ಯದ ಗದ್ದೆ ಬದಿಯಲ್ಲಿ ಜೋಪಡಿ ಹಾಕಿಕೊಂಡು ಇರುತ್ತಾನೆ. ಮಳೆ ಬಂದರೆ ವಾಪಸ್. ಪಟ್ಟಿಯಲ್ಲಿ ಅವನ ಗುಳೆಗೆ ಒಂದು ಕಾಲಂ ಹುಡುಕಿ ಕೊಡಿ ನೋಡೋಣ.

ಯಾಕೆ ಊರು ಬಿಟ್ಟೆ ಅಂತಲೂ ಕೇಳುತ್ತಾರೆ. ಕೆಲಸ, ವ್ಯಾಪಾರ, ಓದು, ಮದುವೆ, ಹೀಗೆ. 1991ರ ಫಾರ್ಮಿನಲ್ಲಿ ಬರ, ನೆರೆಯಂಥ ವಿಕೋಪಕ್ಕೂ ಒಂದು ಜಾಗ ಇತ್ತು. 2001ಕ್ಕೆ ಅದನ್ನು ತೆಗೆದು, ಒಂದೂರಲ್ಲಿ ಹುಟ್ಟಿ ಆಮೇಲೆ ಇನ್ನೊಂದೂರಿಗೆ ಬಂದ ಕೂಸು ಅನ್ನೋ ಕಾರಣ ಸೇರಿಸಿದರು. ಪಾಪ, ಹೊಟ್ಟೆಗಿಲ್ಲದೆ ಬರವೇ ಫಾರ್ಮು ಬಿಟ್ಟು ಗುಳೆ ಹೋಯಿತು.

2011ರಲ್ಲಿ ಎಣಿಸಿದ್ದು ಫೆಬ್ರವರಿ 9ರಿಂದ 28ರವರೆಗೆ. ಕಬ್ಬು ಕಡಿಯುವ ಭರಾಟೆ, ತಾಂಡಾದಲ್ಲಿ ಮನೆಮನೆಗೂ ಬೀಗ. 2021ರಲ್ಲಿ ಎಣಿಸಲೇ ಇಲ್ಲ. ಈಗ 2027ಕ್ಕೆ ಗೊತ್ತಾಗಿದೆ, ಅದೂ ಫೆಬ್ರವರಿಯಲ್ಲೇ. ಈ ಸಲ ಮೊಬೈಲ್ ಆ್ಯಪ್ ಬೇರೆ. ಮಾಸ್ತರು ಮೊಬೈಲ್ ಹಿಡಿದು ತಾಂಡಾಕ್ಕೆ ಬರುತ್ತಾರೆ. ಮಾತೃಭಾಷೆ ಕೇಳುತ್ತಾರೆ. ಅಜ್ಜಿ ಲಂಬಾಣಿ ಅನ್ನುತ್ತಾಳೆ. ಅವರು ಒತ್ತುತ್ತಾರೆ. ಅದು ಮುಂದೆ ಎಲ್ಲಿ ಹೋಗಿ ಇಳಿಯುತ್ತೋ ಇಬ್ಬರಿಗೂ ತಿಳಿಯದು.

'ಮಗ ಎಲ್ಲಿ?'

'ಕಬ್ಬಿಗೆ ಹೋಗ್ಯಾನ್ರೀ.'

'ಯಾವಾಗ ಬರ್ತಾನೆ?'

'ಯುಗಾದಿಗೆ. ಅಲ್ಲೀತನಕ ಕುಂದರ್ರಿ, ಚಾ ಮಾಡ್ತೀನಿ.'